ಟು ನೈಟ್ಸ್, ಫ್ರೈಡ್ ಲಿವರ್ ಮತ್ತು ನಾನು ಮುಟ್ಟಿದ ತಪ್ಪು ಕುದುರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಆ ಭಾನುವಾರದ ರ‍್ಯಾಪಿಡ್ ಚೆಸ್ ಟೂರ್ನಮೆಂಟ್ ಮುಗಿದ ಮೇಲೆ ಸಿಕ್ಕಿದವ್ರೆಲ್ಲ ಅದನ್ನೇ ಕೇಳುದು ಮಾರ್ರೆ, ಸರ್ವಿಸ್ ಬಸ್ಸಲ್ಲಿ ಕೇಳಿದ್ರು, ಮದುವೆ ಊಟಕ್ಕೆ ಕೂತಲ್ಲಿ ಪಕ್ಕದ ಎಲೆಯವ್ರು ಕೇಳಿದ್ರು, ಕ್ಷೌರದ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂತಾಗ್ಲೂ ಬಿಡ್ಲಿಲ್ಲ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬೊಡಿದು ಹೋಯ್ತು. ಹಾಗಾಗಿ ಎಲ್ಲ ಒಟ್ಟಿಗೆ ಬರೆದಿಟ್ಟಿದ್ದೇನೆ, ಆಟದ ಬಗ್ಗೆ, ಓಪನಿಂಗ್ (ಆಟದ ಶುರುವಿನ ಮೂವ್ ಎಲ್ಲ) ಬಗ್ಗೆ, ಮತ್ತೆ ಮಕ್ಕಳನ್ನ ಕರ್ಕೊಂಡು ಬರುವ ಅಪ್ಪ ಅಮ್ಮಂದ್ರು ಕೇಳಿದ ಬೇರೆ ಒಂದಷ್ಟು.

ಹತ್ತು ವರ್ಷದ ಹುಡುಗನ ಹತ್ರ ನೀವು ಸೋತದ್ದು ಹೌದಾ?

ಹೌದು. ಹತ್ತಲ್ಲ, ಒಂಬತ್ತು.

ಐದನೇ ರೌಂಡ್, 20 ನಿಮಿಷ ಮತ್ತೆ ಮೂವಿಗೆ 5 ಸೆಕೆಂಡ್, ನನಗೆ ಬ್ಲ್ಯಾಕ್. ಕಲ್ಯಾಣ ಮಂಟಪದ ಊಟದ ಹಾಲಲ್ಲಿ ಬೋರ್ಡ್ ಹಾಕಿದ್ರು, ಬಾಳೆಎಲೆಯ ವಾಸನೆ ಇನ್ನೂ ಹೋಗಿರ್ಲಿಲ್ಲ, ಫ್ಯಾನ್ ಇದ್ದದ್ದು ನಡುವಿನ ಸಾಲಿಗೆ ಮಾತ್ರ. ಹುಡುಗ ಕುರ್ಚಿಯಲ್ಲಿ ಕೂತ್ರೆ ಬೋರ್ಡಿನ ಆಚೆ ತುದಿ ಕೈಗೆ ಸಿಗುದಿಲ್ಲ ಅಂತ ಮೊಣಕಾಲು ಊರಿ ನಿಂತಿದ್ದ. ನಾನು ಮನಸ್ಸಲ್ಲೇ, ಇವತ್ತು ಬೇಗ ಮುಗಿತದೆ, ಚಾ ಕುಡಿಲಿಕ್ಕೆ ಟೈಮ್ ಸಿಗ್ತದೆ ಅಂದುಕೊಂಡೆ. ಬೇಗ ಮುಗಿದದ್ದೇನೋ ಹೌದು.

ಶುರುವಿನ ಮೂವ್ ಎಲ್ಲ ಮಾಮೂಲಿ. ಅವನು ಇ4, ನಾನು ಇ5 (ಇವೆಲ್ಲ ಬೋರ್ಡಿನ ಮನೆಗಳ ಹೆಸರು, ಪೀಸಿನ ಹೆಸರು ಹೇಳದಿದ್ರೆ ನಡೆದದ್ದು ಪಾನ್, ಅಂದ್ರೆ ಕಾಲಾಳು). ಅವನ ಕುದುರೆ ಎಫ್3, ನನ್ನ ಕುದುರೆ ಸಿ6. ಅವನ ಬಿಷಪ್ ಸಿ4, ನನ್ನ ಇನ್ನೊಂದು ಕುದುರೆ ಎಫ್6. ನಾಲ್ಕನೇ ಮೂವಿಗೆ ಅವನು ಕುದುರೆಯನ್ನ ಜಿ5ಗೆ ಹಾರಿಸಿ ನನ್ನ ಮುಖ ನೋಡಿದ. ನಾನು ಡಿ5. ಅವನು ಇ ಪಾನಿಂದ ಡಿ5 ಹೊಡೆದ. ಇಲ್ಲಿ ಕಪ್ಪಿನವ್ರು ಮಾಡ್ಬೇಕಾದ್ದು ಸಿ6ರ ಕುದುರೆಯನ್ನ ಎ5ಗೆ ಇಟ್ಟು ಅವನ ಬಿಷಪ್ಪಿಗೆ ಬಾಯಿ ಹಾಕುದು, ಅದು ನನಗೆ ಇಪ್ಪತ್ತು ವರ್ಷದಿಂದ ಗೊತ್ತುಂಟು, ಬೇರೆಯವ್ರಿಗೆ ಹೇಳಿಯೂ ಕೊಟ್ಟಿದ್ದೇನೆ, ಆದ್ರೆ ಡಿ5ರಲ್ಲಿ ಒಂದು ಬಿಳಿ ಪಾನ್ ಸುಮ್ನೆ ನಿಂತದ್ದು ಕಂಡ ಕೂಡ್ಲೆ ಕೈ ತಾನಾಗಿ ಎಫ್6ರ ಕುದುರೆಗೆ ಹೋಯ್ತು. ಎರಡು ಬೆರಳು ಅದರ ಕಿವಿ ಮೇಲೆ ಕೂತಾದ ಮೇಲೆ ಎ5 ನೆನಪಾದದ್ದು. ರಪ್ಪ ಕೈ ತೆಗ್ದು ಸಿ6ರ ಕುದುರೆ ಹಿಡ್ದೆ.

"ಅಂಕಲ್, ಆ ಕುದುರೆ" ಅಂದ ಹುಡುಗ. ಜೋರಾಗಿ ಅಲ್ಲ, ಪಕ್ಕದ ಬೋರ್ಡಿನವ್ರಿಗೆ ಡಿಸ್ಟರ್ಬ್ ಆಗದ ಹಾಗೆ. ಆಮೇಲೆ ಕೈ ಎತ್ತಿ ಆರ್ಬಿಟರನ್ನ, ಅಂದ್ರೆ ಆಟದ ರೆಫ್ರಿಯನ್ನ, ಕರ್ದ. ಅವ್ರು ಬಂದು ಕೇಳಿದ್ರು, ಮುಟ್ಟಿದ್ರಾ ಸರ್? ಮುಟ್ಟಿದ್ದೆ, ಮುಟ್ಟಿದ ಪೀಸನ್ನೇ ನಡೆಸ್ಬೇಕು ಅಂತ ರೂಲ್. ಸುಳ್ಳು ಹೇಳ್ಬಹುದಿತ್ತಾ ಅಂತ ಒಬ್ರು ಕೇಳಿದ್ರು ನನ್ನ ಹತ್ರ, ಒಂಬತ್ತು ವರ್ಷದವನ ಎದುರು ಅದೆಲ್ಲ ಆಗುದಿಲ್ಲ ಮಾರ್ರೆ, ಮತ್ತೆ ಅವನು ನನ್ನ ಬೆರಳನ್ನೇ ನೋಡ್ತಾ ಇದ್ದ.

ಹಾಗೆ ಎಫ್6ರ ಕುದುರೆಯಿಂದ ಡಿ5 ಹೊಡೆದೆ. ಅವನು ಒಂದು ಸೆಕೆಂಡೂ ಯೋಚನೆ ಮಾಡ್ಲಿಲ್ಲ, ಕುದುರೆ ತಗೊಂಡು ಎಫ್7ಕ್ಕೆ ಹೊಡೆದ.

ಅದರ ನಂತರ ಎಂತ ಆಯ್ತು? ಪೂರ್ತಿ ಮೂವ್ ಉಂಟಾ?

ಉಂಟು, ಅದೂ ಆ ಹುಡುಗನ ಕೃಪೆಯಿಂದ. ರ‍್ಯಾಪಿಡಲ್ಲಿ ಮೂವ್ ಬರೆಯುದು ಕಡ್ಡಾಯ ಅಲ್ಲ, ನಾನು ಬರೆದಿರ್ಲಿಲ್ಲ. ಆಟ ಮುಗಿದ ಮೇಲೆ ಹೊರಗೆ ಅವನ ಅಮ್ಮ ಸ್ಟೀಲ್ ಡಬ್ಬಿಯಿಂದ ಬನ್ಸ್ ತೆಗ್ದು ಕೊಡ್ತಾ ಇದ್ರು, ಇವನು ಬಾಯಿ ತುಂಬ ಬನ್ಸ್ ಇಟ್ಟುಕೊಂಡು ಮೊದಲನೇ ಮೂವಿಂದ ಕೊನೇದ್ರವರೆಗೆ ಮಗ್ಗಿ ಹೇಳಿದ ಹಾಗೆ ಒಪ್ಪಿಸ್ತಾ ಇದ್ದ, ನಾನು ಹಿಂದೆ ನಿಂತು ಎಂಟ್ರಿ ಫೀ ರಶೀದಿಯ ಹಿಂಬದಿಯಲ್ಲಿ ಗೀಚಿಕೊಂಡೆ.

6ನೇದ್ರಲ್ಲಿ ಅವನ ಕುದುರೆ ಎಫ್7 ಹೊಡೀತು, ನನ್ನ ರಾಜ ಅದನ್ನ ತಿಂದ. 7ರಲ್ಲಿ ಕ್ವೀನ್ ಎಫ್3 ಚೆಕ್, ಒಂದೇ ಏಟಿಗೆ ರಾಜನಿಗೂ ಡಿ5ರ ಕುದುರೆಗೂ. ರಾಜ ಜಿ8ಕ್ಕೆ ಹೋದ್ರೆ ಬಿಷಪ್ ಡಿ5 ಹೊಡೆದು ಚೆಕ್, ಕ್ವೀನಿಂದ ತಿಂದ್ರೆ ಅವನ ಕ್ವೀನ್ ತಿಂದು ಮತ್ತೆ ಚೆಕ್, ನಡುವೆ ಬಿಷಪ್ ಅಡ್ಡ ಇಟ್ರೆ ಅದನ್ನೂ ತಿಂದು ಮೇಟ್, ರಾಜ ಸತ್ತ. ಹಾಗಾಗಿ ರಾಜ ಇ6. ನಡುಬೀದಿಯಲ್ಲಿ ರಾಜ, ಏಳನೇ ಮೂವಿಗೇ! 8ರಲ್ಲಿ ಅವನ ಕುದುರೆ ಸಿ3, ನನ್ನದು ಬಿ4. 9 ಕ್ವೀನ್ ಇ4, ಸಿ6. 10 ಎ3, ಕುದುರೆ ಎ6. 11 ಡಿ4, ಎ6ರ ಕುದುರೆ ಸಿ7. 12ರಲ್ಲಿ ಬಿಷಪ್ ಎಫ್4.

ಈ ಎಫ್4 ಬಿಷಪ್ಪನ್ನ ಬೋರ್ಡಲ್ಲಿ ಇಟ್ಟು ಒಮ್ಮೆ ನೋಡಿ, ನನಗೆ ಇಡೀ ಆಟದಲ್ಲಿ ಮರಿಲಿಕ್ಕೆ ಆಗದ್ದು ಅದು. ನನ್ನ ಇ5 ಪಾನ್ ಅದನ್ನ ತಿನ್ಬಹುದು ಅಂತ ಕಾಣ್ತದೆ, ನನ್ನ ಡಿ5 ಕುದುರೆಯೂ ತಿನ್ಬಹುದು ಅಂತ ಕಾಣ್ತದೆ, ಎರಡಕ್ಕೂ ಆಗುದಿಲ್ಲ. ಪಾನ್ ಅಲ್ಲಾಡಿದ್ರೆ ಇ4ರ ಕ್ವೀನ್ ಸೀದಾ ಇ6ರ ರಾಜನಿಗೆ, ಕುದುರೆ ಅಲ್ಲಾಡಿದ್ರೆ ಸಿ4ರ ಬಿಷಪ್ ಅದೇ ರಾಜನಿಗೆ. ಎರಡು ಕಾವಲುಗಾರರನ್ನ ಕಂಬಕ್ಕೆ ಕಟ್ಟಿ ಹಾಕಿ ಅವರ ಕಣ್ಣೆದುರೇ ಬಿಷಪ್ ಇಟ್ಟು ಹೋದ. ನಾನು ರಾಜನನ್ನ ಎಫ್7ಕ್ಕೆ ಎಳ್ಕೊಂಡೆ, 13ರಲ್ಲಿ ಅವನು ಇ5 ಪಾನ್ ತಿಂದ. ಲೆಕ್ಕ ಹಾಕಿದ್ರೆ ಅವನು ಕೊಟ್ಟ ಒಂದು ಕುದುರೆಗೆ ವಸೂಲಾದದ್ದು ಎರಡೇ ಪಾನ್, ಆದ್ರೆ ನನ್ನ ರಾಜನಿಗೆ ಮೈಮೇಲೆ ಬಟ್ಟೆ ಇಲ್ಲ, ಆನೆ ಎರಡೂ ಮೂಲೆಯಲ್ಲಿ ನಿದ್ದೆ. 19ನೇ ಮೂವಿಗೆ ಸೋಲು ಒಪ್ಪಿಕೊಂಡೆ. ಗಡಿಯಾರದಲ್ಲಿ ನನಗೆ ನಾಲ್ಕು ನಿಮಿಷ ಉಳಿದಿತ್ತು, ಅವನಿಗೆ ಹದಿನೇಳು.

ಈ ಓಪನಿಂಗಿನ ಹೆಸರು ಎಂತ? ಲಿವರ್ ಅಂದ್ರೆ ನಿಜವಾದ ಲಿವರಾ?

ನಿಜವಾದ್ದೇ. ಬಿಷಪ್ ಸಿ4ರವರೆಗೆ ಅದು ಇಟಾಲಿಯನ್ ಗೇಮ್, ಕಪ್ಪು ಎರಡನೇ ಕುದುರೆಯನ್ನೂ ಎಫ್6ಕ್ಕೆ ತಂದ್ರೆ ಟು ನೈಟ್ಸ್ ಡಿಫೆನ್ಸ್, ಓಪನಿಂಗಿಗೆಲ್ಲ ನಂಬರ್ ಕೊಡುವ ಕೋಡ್ ಪುಸ್ತಕದಲ್ಲಿ ಸಿ55ರಿಂದ ಸಿ59. ನನಗೆ ಬಿದ್ದ ಏಟು ಫ್ರೈಡ್ ಲಿವರ್ ಅಟ್ಯಾಕ್, ಸಿ57. ಇಟಲಿಯವ್ರು ಅದಕ್ಕೆ ಫೆಗಾಟೆಲ್ಲೋ ಅಂತಾರೆ, ಲಿವರಿನ ತುಂಡು ಅಂತ ಅರ್ಥ. ಉಡುಪಿಯ ಕಲ್ಯಾಣ ಮಂಟಪದಲ್ಲಿ, ಅದೂ ಬೆಳ್ಳುಳ್ಳಿ ಸಹ ಹಾಕದ ಅಡುಗೆಯವ್ರ ಹಾಲಲ್ಲಿ, ನನಗೆ ಲಿವರ್ ಫ್ರೈ ಬಡಿಸಿದ್ದು ಅಂತ ನಮ್ಮ ಬಾವ ಈಗ್ಲೂ ಕುಶಾಲು ಮಾಡ್ತಾನೆ.

ಹಳೇ ಆಟ ಇದು. ಜೂಲಿಯೋ ಚೆಸಾರೆ ಪೊಲೇರಿಯೋ ಅನ್ನುವ ಇಟಲಿಯವ ಸುಮಾರು 1600ರ ಆಸುಪಾಸಲ್ಲೇ ಆಡಿ ಬರೆದಿಟ್ಟಿದ್ದಾನೆ. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ನಮ್ಮ ಕರಾವಳಿಗೆ ಬಂದು ಉಳ್ಳಾಲದ ರಾಣಿಯನ್ನ ಕಂಡದ್ದು 1623ರಲ್ಲಿ, ಅದಕ್ಕೂ ಮೊದಲಿನ ಟ್ರಿಕ್. ನಾನು ಬಿದ್ದದ್ದು ನಾನೂರು ವರ್ಷ ಹಳೇ ಗುಂಡಿಗೆ, ಹೊಸತೇನೂ ಅಲ್ಲ.

ಕುದುರೆ ಜಿ5ಗೆ ಬಂದ್ರೆ ಬ್ಲ್ಯಾಕ್ ಎಂತ ಆಡ್ಬೇಕು?

ಮೊದಲು ಅದು ಯಾಕೆ ಬರ್ತದೆ ನೋಡಿ. ಶುರುವಿನಲ್ಲಿ ಎಫ್7ರ ಪಾನಿಗೆ ರಾಜ ಬಿಟ್ರೆ ಬೇರೆ ಯಾರೂ ದಿಕ್ಕಿಲ್ಲ. ಸಿ4ರ ಬಿಷಪ್ ಆಗ್ಲೇ ಅದನ್ನ ನೋಡ್ತಾ ಉಂಟು, ಈಗ ಕುದುರೆಯೂ ಬಂತು, ಇಬ್ರು ಹೊಡಿಯುವವ್ರು, ಕಾಯುವವ ಒಬ್ಬ. ಇನ್ನೊಬ್ಬ ಕಾವಲುಗಾರನನ್ನ ತರ್ಲಿಕ್ಕೆ ಟೈಮ್ ಇಲ್ಲ, ಹಾಗಾಗಿ ಬಿಷಪ್ಪಿನ ದಾರಿಗೇ ಗೇಟ್ ಹಾಕುದು, ಅದು ಡಿ5. ಅವನು ಪಾನಿಂದ ಡಿ5 ಹೊಡೀತಾನೆ. ಈಗ ಎಲ್ಲರ ಕೈಯೂ ನನ್ನ ಹಾಗೆ ಎಫ್6 ಕುದುರೆಗೆ ಹೋಗ್ತದೆ. ಅಲ್ಲೇ ನಿಲ್ಲಿ.

ಅಲ್ಲಿ ಕಪ್ಪಿಗೆ ಮೂರು ಒಳ್ಳೇ ದಾರಿ ಉಂಟು: ಸಿ6ರ ಕುದುರೆ ಎ5ಗೆ, ಅದೇ ಸಿ6ರ ಕುದುರೆ ಡಿ4ಗೆ, ಇಲ್ಲಾಂದ್ರೆ ಬಿ ಪಾನ್ ಬಿ5ಗೆ. ಡಿ4ರದ್ದಕ್ಕೆ ಫ್ರಿಟ್ಜ್ ಅಂತಾರೆ, ಬಿ5ಕ್ಕೆ ಉಲ್ವೆಸ್ಟಾಡ್. ಮೂರನ್ನೂ ಒಮ್ಮೆ ನೋಡಿ ಹೇಳಿ, ಎಫ್6ರ ಕುದುರೆಯನ್ನ ಯಾವುದ್ರಲ್ಲಾದ್ರೂ ಮುಟ್ಲಿಕ್ಕುಂಟಾ? ಇಲ್ಲ! ಇದು ನನಗೆ ಹೊಳೆದದ್ದು ಸೋತು ಮನೆಗೆ ಬರುವಾಗ, ಬ್ರಹ್ಮಗಿರಿ ಸರ್ಕಲ್ ಹತ್ರ. ಇಷ್ಟು ವರ್ಷ ಮೂವಿನ ಹೆಸರು ಬಾಯಿಪಾಠ ಮಾಡಿದ್ದೆ, ಯಾವ ಕುದುರೆಯನ್ನ ಮುಟ್ಲಿಕ್ಕಿಲ್ಲ ಅಂತ ಯಾವತ್ತೂ ಯೋಚನೆ ಮಾಡಿರ್ಲಿಲ್ಲ. ಎಫ್6ರವನು ಅಲ್ಲೇ ನಿಂತ್ರೆ ಮಾತ್ರ ರಾಜನ ಮನೆ ಗಟ್ಟಿ, ಅವನನ್ನ ನಡುವಿಗೆ ಕಳಿಸಿದ್ರೆ ಎಫ್3ರಿಂದ ಕ್ವೀನ್ ಬರುವ ದಾರಿ ಓಪನ್.

ಎ5 ಆಡಿದ್ರೆ ಮಾಮೂಲಿ ಹೀಗೆ ಹೋಗ್ತದೆ: ಅವನ ಬಿಷಪ್ ಬಿ5 ಚೆಕ್, ನೀವು ಸಿ6. ಅವನು ಸಿ6 ತಿಂತಾನೆ, ನೀವು ಬಿ ಪಾನಿಂದ ವಾಪಸ್ ತಿನ್ನಿ. ಬಿಷಪ್ ಇ2ಗೆ ಹಿಂದೆ ಹೋಗ್ತದೆ, ನೀವು ಎಚ್6 ಆಡಿ ಕುದುರೆಯನ್ನ ಓಡಿಸಿ, ಅದು ಎಫ್3ಕ್ಕೆ ಹೋದ್ರೆ ಇ4 ಆಡಿ ಮತ್ತೆ ಓಡಿಸಿ, ಅದು ಇ5ಗೆ ಬರ್ತದೆ. ಒಂದು ಪಾನ್ ಹೋಯ್ತು ನಿಮ್ಮದು, ಹೌದು, ಆದ್ರೆ ಅವನ ಕುದುರೆ ಬೋರ್ಡ್ ತುಂಬ ಓಡಾಡಿದ್ದೇ ಬಂತು, ನಿಮ್ಮ ಸೈನ್ಯ ಹೊರಗೆ ಬಂದಾಯ್ತು, ಅಟ್ಯಾಕ್ ಈಗ ನಿಮ್ಮದು. ಎಂಟನೇ ಮೂವಲ್ಲಿ ಬಿಷಪ್ ಹಿಂದೆ ಹೋಗದೆ ಕ್ವೀನ್ ಎಫ್3 ಬಂದ್ರೆ ಗಾಬರಿ ಬೇಡ, ಆನೆಯನ್ನ ಬಿ8ಕ್ಕೆ ತಂದು ಬಿಡಿ.

ಒಂದು ಎಚ್ಚರಿಕೆ. ಪಾನ್ ಹೋಯ್ತಲ್ಲ ಅಂತ ಮಂಡೆಬಿಸಿ ಮಾಡ್ಕೊಂಡು ಅದನ್ನ ವಾಪಸ್ ಹಿಡೀಲಿಕ್ಕೆ ಓಡುವವ್ರಿಗೆ ಈ ಲೈನ್ ಆಗುದಿಲ್ಲ. ಕೊಟ್ಟದ್ದನ್ನ ಮರ್ತು ಆಡ್ಬೇಕು.

ಹಾಗಾದ್ರೆ ಕುದುರೆಯಿಂದ ಡಿ5 ಹೊಡೆದ್ರೆ ಸೋತೇ ಬಿಟ್ಟ ಹಾಗಾ?

ಕಾಗದದ ಮೇಲೆ ಬಿಳಿಗೆ ಬಹಳ ಒಳ್ಳೇದು. ಎಫ್7 ಹೊಡಿಯುದಕ್ಕಿಂತ ಮೊದಲು ಡಿ4 ಆಡುವ ಇನ್ನೊಂದು ದಾರಿ ಉಂಟು, ಲೊಲ್ಲಿ ಅಟ್ಯಾಕ್, 1763ರಲ್ಲಿ ಪುಸ್ತಕ ಬರೆದ ಇಟಲಿಯ ಲೊಲ್ಲಿಯ ಹೆಸರು, ಅದು ಇನ್ನೂ ಉಪದ್ರ. ಆದ್ರೆ ಬಿಳಿಯವ ಒಂದು ಕುದುರೆ ಬಲಿ ಕೊಟ್ಟಾಗಿದೆ ಅನ್ನುದು ನೆನಪಿರ್ಲಿ, ಎರಡು ಮೂವ್ ಸಡಿಲ ಬಿಟ್ರೆ ಕಪ್ಪಿನವ ರಾಜನನ್ನ ಒಳಗೆ ಸೇರಿಸಿ ಒಂದು ಪೀಸ್ ಲಾಭದಲ್ಲಿ ಕೂತ್ಕೊಳ್ತಾನೆ. ನನ್ನನ್ನ ಸೋಲಿಸಿದ ಹುಡುಗ ಸಡಿಲ ಬಿಡ್ಲಿಲ್ಲ.

ಟ್ರಾಕ್ಸ್ಲರ್ ಅಂತ ಒಂದು ಉಂಟಂತೆ, ಅದನ್ನ ಆಡ್ಬಹುದಾ?

ಆಡ್ಬಹುದು, ಮನೆಯಲ್ಲಿ ಹೇಳಿ ಬನ್ನಿ. ಕುದುರೆ ಜಿ5ಗೆ ಬಂದಾಗ ಎಫ್7ರ ಗೊಡವೆಗೇ ಹೋಗದೆ ಬಿಷಪ್ಪನ್ನ ಸಿ5ಗೆ ಇಡುದು, ನೀನು ಅಲ್ಲಿ ಹೊಡಿ, ನಾನು ಎಫ್2 ಹೊಡೀತೇನೆ ಅಂತ. ಕರೆಲ್ ಟ್ರಾಕ್ಸ್ಲರ್ ಅನ್ನುವ ಬೊಹೀಮಿಯಾದ ಪಾದ್ರಿ 1890ರಲ್ಲಿ ಆಡಿದ್ದು, ಬಿಳಿ ರಾಜ ಎದುರಾಳಿಯ ಪಾಳಯದ ಹತ್ರ ಎ5ವರೆಗೆ ನಡ್ಕೊಂಡು ಹೋಗಿ, ಕೊನೆಗೆ ಬಿ4ರಲ್ಲಿ 17ನೇ ಮೂವಿಗೆ ಒಂದು ಪಾನಿಂದ ಮೇಟ್ ಆಯ್ತು. ಪಾದ್ರಿ ಮನುಷ್ಯನಿಗೆ ಅಷ್ಟು ಕ್ರೂರತನ ಎಲ್ಲಿಂದ ಬಂತು ದೇವ್ರಿಗೇ ಗೊತ್ತು. ಆದ್ರೆ ತಿಳಿದವ್ರು ಎಫ್7ನ್ನ ಕುದುರೆಯಿಂದ ಹೊಡಿಯುದಿಲ್ಲ, ಬಿಷಪ್ಪಿಂದ ಹೊಡೆದು ಚೆಕ್ ಕೊಟ್ಟು ಹಿಂದೆ ಹೋಗ್ತಾರೆ, ಒಂದು ಪಾನ್ ಜಾಸ್ತಿ ಇಟ್ಟುಕೊಂಡು ನಿಮ್ಮನ್ನ ಅಳಿಸ್ತಾರೆ. ಕೆಲವೇ ನಿಮಿಷದ ಬ್ಲಿಟ್ಜಲ್ಲಿ ಗಮ್ಮತ್ತು, ಗಂಟೆಗಟ್ಟಲೆ ನಡೆಯುವ ಕ್ಲಾಸಿಕಲಲ್ಲಿ ನಾನಂತೂ ಆಡುದಿಲ್ಲ.

ಇಷ್ಟೆಲ್ಲ ಕಿರಿಕಿರಿ ಬೇಡ, ಮೂರನೇ ಮೂವಿಗೇ ಎಚ್6 ಆಡಿ ಜಿ5 ಬಂದ್ ಮಾಡಿದ್ರೆ?

ತುಂಬ ಮಕ್ಕಳು ಹೀಗೇ ಮಾಡ್ತಾರೆ. ಸೋಲುದಿಲ್ಲ, ಆದ್ರೆ ಒಂದು ಮೂವ್ ಪೊಕ್ಕಡೆ ಹೋಯ್ತು, ಬಿಳಿಯವ ಡಿ4 ಆಡಿ ನಡುವಿನ ಜಾಗ ಎಲ್ಲ ಅವನದ್ದೇ ಮಾಡ್ಕೊಳ್ತಾನೆ. ಜಿ5 ಬೇಡ ಅಂತಾದ್ರೆ ಮೂರನೇ ಮೂವಲ್ಲಿ ಕುದುರೆ ಬದಲು ಬಿಷಪ್ಪನ್ನ ಸಿ5ಗೆ ತನ್ನಿ, ಆಗ ನಿಮ್ಮ ಕ್ವೀನ್ ಡಿ8ರಿಂದ ಜಿ5ನ್ನ ನೋಡ್ತಾ ಇರ್ತದೆ, ಕುದುರೆ ಬಂದ್ರೆ ತಿಂದೇ ಬಿಡುದು. ಅಪ್ಪ ಅಮ್ಮಂದ್ರು ಕೇಳಿದ್ರೆ ನಾನು ಇದನ್ನೇ ಹೇಳುದು.

ದೊಡ್ಡ ಆಟಗಾರರು ಯಾರಾದ್ರೂ ಈ ಜಿ5 ಕುದುರೆ ಆಡಿದ್ದಾರಾ?

ಟಾರಾಶ್ ಅನ್ನುವ ಜರ್ಮನಿಯ ಮಾಸ್ಟರ್ ಇದನ್ನ ಏನೂ ಬಾರದವ್ರ ಮೂವ್ ಅಂತ ಬೈದಿದ್ದ. ಆಗಿನ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಕೇಳ್ತಾನಾ, 1891ರಲ್ಲಿ ರಷ್ಯಾದ ಚಿಗೋರಿನ್ ಜೊತೆ ಟೆಲಿಗ್ರಾಫಲ್ಲಿ ಆಡಿದ ಮ್ಯಾಚಲ್ಲಿ ಇದನ್ನೇ ಆಡಿದ, ಅದೂ ಒಂಬತ್ತನೇ ಮೂವಿಗೆ ಎಲ್ರೂ ಕುದುರೆಯನ್ನ ಎಫ್3ಕ್ಕೆ ತಗೊಂಡು ಹೋಗುವಾಗ ಇವ ಬೋರ್ಡಿನ ಅಂಚಿಗೆ ಎಚ್3ಕ್ಕೆ ತಗೊಂಡು ಹೋದ. ಎಲ್ಲ ಮರ್ತೇ ಹೋಗಿದ್ದ ಆ ಎಚ್3ನ್ನ ಬಾಬಿ ಫಿಶರ್ 1963ರಲ್ಲಿ ಬಿಸ್‌ಗಯರ್ ಎದುರು ಮತ್ತೆ ಹೊರಗೆ ತೆಗ್ದು ಗೆದ್ದ. ಅಂಚಿನ ಕುದುರೆ ಕೆಲ್ಸಕ್ಕೆ ಬಾರದ್ದು ಅಂತ ಮಕ್ಕಳಿಗೆ ಹೇಳುವ ಮೊದಲು ನಾನು ಈಗ ಎರಡು ಸಲ ಯೋಚನೆ ಮಾಡ್ತೇನೆ.

ಈಗಿನ ಗ್ರಾಂಡ್‌ಮಾಸ್ಟರ್‌ಗಳು ಇಟಾಲಿಯನ್ ತುಂಬ ಆಡ್ತಾರೆ, ಆದ್ರೆ ನಾಲ್ಕನೇದಕ್ಕೆ ಡಿ3 ಆಡಿ ನಿಧಾನ ಕಟ್ಟುವ ಪದ್ಧತಿ. 2000ದಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ ಸ್ಪ್ಯಾನಿಷ್ ಅನ್ನುವ ಓಪನಿಂಗಿಗೆ ಉತ್ತರವಾಗಿ ಬರ್ಲಿನ್ ಡಿಫೆನ್ಸ್ ಹಿಡ್ಕೊಂಡು ಕಾಸ್ಪರೋವ್‌ನ ವಿಶ್ವ ಚಾಂಪಿಯನ್ ಪಟ್ಟ ಕಿತ್ಕೊಂಡ ಮೇಲೆ ಸ್ಪ್ಯಾನಿಷ್‌ನಲ್ಲಿ ರಸ ತೆಗಿಯುದು ಕಷ್ಟ ಆಯ್ತು, ಇ4 ಆಡುವವ್ರು ಮೆಲ್ಲ ಇಟಾಲಿಯನ್ ಕಡೆ ಸರ್ಕೊಂಡ್ರು. ನೋಡ್ಲಿಕ್ಕೆ ಚಪ್ಪೆ ಅನ್ನಿಸ್ತದೆ, ಹದಿನೈದು ಮೂವ್ ಯಾರೂ ಯಾರನ್ನೂ ಮುಟ್ಟುದಿಲ್ಲ, ಆದ್ರೆ ಒಳಗೊಳಗೇ ಕುದಿತಾ ಇರ್ತದೆ.

ಟಚ್ ಮೂವ್ ರೂಲ್ ಸರಿಯಾಗಿ ಹೇಳಿ, ನಮ್ಮ ಮಗ ದಿನಾ ಇದಕ್ಕೇ ಜಗಳ ಮಾಡುದು

ನಿಮ್ಮ ಸರದಿಯಲ್ಲಿ ಬೇಕಂತಲೇ ನಿಮ್ಮ ಪೀಸ್ ಮುಟ್ಟಿದ್ರೆ ಅದನ್ನೇ ನಡೆಸ್ಬೇಕು, ಎದುರಿನವನದ್ದು ಮುಟ್ಟಿದ್ರೆ ತಿನ್ಲಿಕ್ಕೆ ಆಗುವುದಾದ್ರೆ ತಿನ್ನಲೇಬೇಕು. ಮುಟ್ಟಿದ್ದಕ್ಕೆ ಒಂದೂ ನಡೆ ಇಲ್ಲದಿದ್ರೆ ಬೇರೆ ಯಾವುದಾದ್ರೂ ಆಡ್ಬಹುದು. ಅಂಗಿ ಕೈ ತಾಗಿ ಬಿದ್ರೆ ಅದು ಲೆಕ್ಕಕ್ಕಿಲ್ಲ. ಸರಿ ಮಾಡಿ ಇಡ್ಲಿಕ್ಕೆ ಇದ್ರೆ ಮುಟ್ಟುವ ಮೊದಲು 'ಅಡ್ಜಸ್ಟ್' ಅಂತ ಹೇಳಿ, ಮುಟ್ಟಿದ ಮೇಲೆ ಹೇಳಿದ್ರೆ ಯಾರೂ ನಂಬುದಿಲ್ಲ. ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ಮೂವಲ್ಲಿ ನಡೆಸುದು) ಮಾಡುವಾಗ ರಾಜನನ್ನ ಮೊದಲು ಹಿಡೀಬೇಕು, ಆನೆಯನ್ನ ಮೊದಲು ಮುಟ್ಟಿ ಆಮೇಲೆ ರಾಜನನ್ನ ಮುಟ್ಟಿದ್ರೆ ಆ ಬದಿಗೆ ಕ್ಯಾಸ್ಲಿಂಗ್ ಇಲ್ಲ, ಮತ್ತೆ ಎರಡು ಕೈ ಹಾಕ್ಲಿಕ್ಕಿಲ್ಲ, ಒಂದೇ ಕೈ.

ಇನ್ನೊಂದು, ಕಂಪ್ಲೇಂಟ್ ಇದ್ರೆ ಕೂಡ್ಲೆ ಹೇಳ್ಬೇಕು. ನೀವು ನಿಮ್ಮ ಪೀಸ್ ಮುಟ್ಟಿ ಆಟ ಮುಂದುವರಿಸಿದ ಮೇಲೆ ಆ ಹಕ್ಕು ಹೋಯ್ತು. ಆ ಹುಡುಗ ತನ್ನ ಪೀಸ್ ಮುಟ್ಟದೆ ಆರ್ಬಿಟರನ್ನ ಕರೆದದ್ದು ಅದಕ್ಕೇ, ಯಾರೋ ಸರಿಯಾಗಿ ಕಲಿಸಿದ್ದಾರೆ.

ಮನೆಯಲ್ಲಿ ಅಜ್ಜ ಕಲಿಸಿದ ರೂಲ್‌ಗೂ ಟೂರ್ನಮೆಂಟ್ ರೂಲ್‌ಗೂ ಯಾಕೆ ವ್ಯತ್ಯಾಸ?

ಅಜ್ಜಂದ್ರದ್ದು ನಮ್ಮ ದೇಶದ ಹಳೇ ಪದ್ಧತಿ, ಪಾನ್ ಒಂದೇ ಮನೆ ನಡೆಯುದು, ಕ್ಯಾಸ್ಲಿಂಗ್ ಇಲ್ಲ, ಕೆಲವು ಮನೆಯಲ್ಲಿ ಶುರುವಿಗೆ ಎರಡು ಪಾನ್ ಒಟ್ಟಿಗೆ ನೂಕುದು. ಪೀಸಿನ ಹೆಸರೂ ಹಾಗೇ, ಬಿಷಪ್ಪಿಗೆ ಒಂಟೆ, ಕ್ವೀನಿಗೆ ಮಂತ್ರಿ. ತಪ್ಪೇನಿಲ್ಲ, ಆದ್ರೆ ಟೂರ್ನಮೆಂಟ್ ಹಾಲಿನ ಒಳಗೆ ಫಿಡೆ (ವಿಶ್ವ ಚೆಸ್ ಸಂಸ್ಥೆ) ರೂಲ್. ಮಕ್ಕಳು ಜಾಸ್ತಿ ಸೋಲುದು ಚೆಕ್ ಇದ್ದದ್ದು ಕಾಣದೆ ಬೇರೆ ಮೂವ್ ಮಾಡಿ ಗಡಿಯಾರ ಒತ್ತಿ, ಅದು ಇಲ್ಲೀಗಲ್ ಮೂವ್, ಮೊದಲ ಸಲ ಎದುರಿನವನಿಗೆ 2 ನಿಮಿಷ ಜಾಸ್ತಿ ಕೊಡ್ತಾರೆ, ಎರಡನೇ ಸಲ ಆಟವೇ ಹೋಯ್ತು. ಪಾನ್ ಕೊನೇ ಮನೆಗೆ ಹೋದಾಗ ಕ್ವೀನ್ ಸಿಗ್ಲಿಲ್ಲ ಅಂತ ಆನೆಯನ್ನ ಉಲ್ಟಾ ಇಡುದು ಮನೆಯಲ್ಲಿ ನಡೀತದೆ, ಟೂರ್ನಮೆಂಟಲ್ಲಿ ಉಲ್ಟಾ ಇಟ್ರೂ ಆನೆ ಆನೆಯೇ. ಗಡಿಯಾರ ನಿಲ್ಲಿಸಿ ಆರ್ಬಿಟರ್ ಹತ್ರ ಕ್ವೀನ್ ಕೇಳಿ ತಗೊಳ್ಳಿ.

ಮೂರ್ನಾಲ್ಕು ಮೂವಿಗೇ ಮೇಟ್ ಆಗುದು ತಪ್ಪಿಸುದು ಹೇಗೆ?

ಅದು ಸ್ಕಾಲರ್ಸ್ ಮೇಟ್, ಲಿವರಿನ ಚಿಕ್ಕ ತಮ್ಮ, ಗುರಿ ಅದೇ ಎಫ್7. ಬಿಷಪ್ ಸಿ4, ಕ್ವೀನ್ ಎಚ್5 ಬಂದ್ರೆ ಜಿ6 ಆಡಿ, ಕ್ವೀನ್ ಎಫ್3ಕ್ಕೆ ಹೋದ್ರೆ ಕುದುರೆ ಎಫ್6. ಮುಗೀತು.

ಮಕ್ಕಳಿಗೆ ಎಷ್ಟು ಓಪನಿಂಗ್ ಕಲಿಸ್ಬೇಕು?

ನಾನು ಕೋಚ್ ಅಲ್ಲ, ಸೋತವನ ಅಭಿಪ್ರಾಯ ಅಂತ ತಗೊಳ್ಳಿ. ನಮ್ಮಲ್ಲಿ ಬಯಲಾಟಕ್ಕೆ ಹೋದ್ರೆ ಪೂರ್ವರಂಗ ಇರ್ತದೆ, ಕೋಡಂಗಿ, ಬಾಲಗೋಪಾಲ ಎಲ್ಲ ಕುಣಿದು ಹೋದ ಮೇಲೆ ಪ್ರಸಂಗ ಶುರು. ಪೂರ್ವರಂಗದಲ್ಲಿ ಹುಡುಗ್ರು ಕಾಲು ಕೈ ಪಳಗಿಸುದು, ಕಥೆ ನಡೆಯುದು ಆಮೇಲೆ. ಕೆಲವು ಅಪ್ಪಂದ್ರು ಇಪ್ಪತ್ತು ಮೂವಿನವರೆಗೆ ಬಾಯಿಪಾಠ ಮಾಡಿಸಿ ಕಳಿಸ್ತಾರೆ, ಎದುರಿನವ ಆರನೇ ಮೂವಿಗೆ ಬೇರೆ ಎಂತದೋ ಆಡಿದ್ರೆ ಮಗು ಅಪ್ಪನ ಮುಖ ಹುಡುಕ್ತದೆ, ಅಪ್ಪ ಬಾಗಿಲಿನ ಹೊರಗೆ. ಒಂದು ಬಿಳಿಗೆ, ಎರಡು ಕಪ್ಪಿಗೆ ಕಲಿತ್ರೆ ಆ ವಯಸ್ಸಿಗೆ ಧಾರಾಳ, ಆದ್ರೆ ಪ್ರತಿ ಮೂವಿಗೂ ಇದು ಯಾಕೆ ಅಂತ ಕೇಳಿದ್ರೆ ಅದು ತನ್ನ ಮಾತಲ್ಲಿ ಹೇಳ್ಬೇಕು. ಪ್ರಾಕ್ಟೀಸಿಗೆ ಲಿಚೆಸ್ ಅನ್ನುವ ವೆಬ್ಸೈಟ್ ಫ್ರೀ ಉಂಟು, ಪಜಲ್ ದಿನಾ ಹತ್ತು ಮಾಡ್ಲಿ.

ಅಜ್ಜಿ ಚೆನ್ನೆಮಣೆ ಆಡುವ ಅಂತ ಕರೆದ್ರೆ ಅದಕ್ಕೂ ಕಳಿಸಿ. ಹದಿನಾಲ್ಕು ಗುಳಿಯಲ್ಲಿ ಕಾಯಿ ಎಲ್ಲಿ ಮುಗಿತದೆ ಅಂತ ಹಾಕುವ ಮೊದಲೇ ಎಣಿಸುದು ಉಂಟಲ್ಲ, ಚೆಸ್ಸಲ್ಲಿ ಬೇಕಾದ್ದೂ ಅದೇ, ಕೈಗಿಂತ ಮೊದಲು ಕಣ್ಣು ಓಡ್ಬೇಕು. ನನಗೆ ಆ ದಿನ ಉಲ್ಟಾ ಆಯ್ತು.

ನಿಮಗೆ ರೇಟಿಂಗ್ ಎಷ್ಟು ಹೋಯ್ತು?

ಅದು ರೇಟೆಡ್ ಟೂರ್ನಮೆಂಟ್ ಅಲ್ಲ, ಬಚಾವ್ (ರೇಟಿಂಗ್ ಅಂದ್ರೆ ಆಟಗಾರನ ಮಟ್ಟ ಹೇಳುವ ಅಂಕ). ಕ್ಲಾಸಿಕಲ್ ರೇಟೆಡ್ ಆಗಿದ್ರೆ ಲೆಕ್ಕ ಹೀಗೆ: ನೀವು ಎದುರಿನವನಿಗಿಂತ 100 ಪಾಯಿಂಟ್ ಮೇಲೆ ಇದ್ರೆ ಗೆಲ್ಲುವ ನಿರೀಕ್ಷೆ 0.64. ಸೋತ್ರೆ ಅದನ್ನ ನಿಮ್ಮ ಕೆ ಫ್ಯಾಕ್ಟರಿಂದ (ರೇಟಿಂಗ್ ಎಷ್ಟು ಬೇಗ ಏರಿ ಇಳೀತದೆ ಅನ್ನುವ ನಂಬರ್) ಗುಣಿಸಿ, ನನ್ನಂಥ ಹಳಬರಿಗೆ 20, ಅಂದ್ರೆ 12.8 ಪಾಯಿಂಟ್ ಹೋಯ್ತು. ಹದಿನೆಂಟರ ಒಳಗಿನ ಮಕ್ಕಳಿಗೆ ರೇಟಿಂಗ್ 2300ಕ್ಕಿಂತ ಕೆಳಗೆ ಇರುವಷ್ಟು ದಿನ ಕೆ 40, ಹಾಗಾಗಿ ಹುಡುಗನಿಗೆ ಬರುದು 25.6. ನಾವು ಕಳ್ಕೊಂಡದ್ದರ ಡಬಲ್ ಅವ್ರಿಗೆ ಸಿಗ್ತದೆ, ಮಕ್ಕಳು ಲಿಫ್ಟಲ್ಲಿ ಹೋದ ಹಾಗೆ ಮೇಲೆ ಹೋಗುದು ಇದಕ್ಕೇ.

ರೇಟಿಂಗ್ ಬರ್ಲಿಕ್ಕೆ ಮೊದಲು ಎಐಸಿಎಫ್ (ಅಖಿಲ ಭಾರತ ಚೆಸ್ ಫೆಡರೇಷನ್) ರಿಜಿಸ್ಟ್ರೇಷನ್ ಮಾಡಿಸ್ಬೇಕು. 2024ರ ಮಾರ್ಚಿಂದ ಫಿಡೆ ಕನಿಷ್ಠ ರೇಟಿಂಗನ್ನ 1000ದಿಂದ 1400ಕ್ಕೆ ಏರಿಸಿದೆ, ಆಗ 2000ದ ಕೆಳಗೆ ಇದ್ದವ್ರಿಗೆಲ್ಲ ಒಮ್ಮೆಗೆ ಪಾಯಿಂಟ್ ಸೇರಿಸಿ ಕೊಟ್ರು, 1200 ಇದ್ದವ ರಾತ್ರಿ ಬೆಳಗಾಗುವುದ್ರಲ್ಲಿ 1520. ಅದನ್ನ ಮಗ ಇಂಪ್ರೂವ್ ಆಗಿದ್ದಾನೆ ಅಂತ ಸ್ವೀಟ್ ಹಂಚಿದವ್ರೂ ಇದ್ದಾರೆ, ನಾನು ಒಂದು ಪೀಸ್ ಮೈಸೂರ್‌ಪಾಕ್ ತಿಂದಿದ್ದೇನೆ, ಜಾಸ್ತಿ ಮಾತಾಡುದಿಲ್ಲ.

ನಮ್ಮ ರಾಜ್ಯದಲ್ಲಿ ಗ್ರಾಂಡ್‌ಮಾಸ್ಟರ್ ಇದ್ದಾರಾ?

ಇದ್ದಾರೆ. ಮೊದಲಿನವ್ರು ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ ಆದದ್ದು. ವಿಶ್ವನಾಥನ್ ಆನಂದ್ ದೇಶದ ಮೊದಲ ಗ್ರಾಂಡ್‌ಮಾಸ್ಟರ್ ಆದದ್ದು 1988ರಲ್ಲಿ, ಲೆಕ್ಕ ಹಾಕಿ, ನಮಗೆ ಎಷ್ಟು ವರ್ಷ ಬೇಕಾಯ್ತು.

ಮಂಗಳೂರಿಂದ ಮಗುವನ್ನ ಮೊದಲ ಸಲ ಟೂರ್ನಮೆಂಟಿಗೆ ಕರ್ಕೊಂಡು ಬರ್ತೇವೆ, ಎಂತ ಎಲ್ಲ ತರ್ಬೇಕು?

ಎಕ್ಸ್‌ಪ್ರೆಸ್ ಬಸ್ ಹಿಡೀರಿ, ಸರ್ವಿಸ್ ಬಸ್ ಹಿಡಿದ್ರೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ಎಲ್ಲ ನಿಲ್ಲಿಸಿ ನಿಲ್ಲಿಸಿ ಮೊದಲ ರೌಂಡ್ ಮುಗಿದಿರ್ತದೆ. ಬೋರ್ಡ್, ಗಡಿಯಾರ ನಾವೇ ತರ್ಬೇಕಾ ಅಂತ ಆರ್ಗನೈಸರ್ ಹತ್ರ ಮೊದಲೇ ಕೇಳಿ. ನೀರು ಎರಡು ಬಾಟ್ಲಿ, ಬೆವರು ಒರಸ್ಲಿಕ್ಕೆ ಬೈರಾಸು, ಮಾರ್ಚ್ ಏಪ್ರಿಲಲ್ಲಿ ನಮ್ಮ ಕರಾವಳಿಯ ಸೆಕೆಗೆ ಪ್ಲಾಸ್ಟಿಕ್ ಪೀಸ್ ಸಹ ಕೈಯಿಂದ ಜಾರ್ತದೆ. ಫೋನ್ ಮಗುವಿನ ಕೈಗೆ ಕೊಡ್ಬೇಡಿ, ಹಾಲಲ್ಲಿ ರಿಂಗ್ ಆದ್ರೆ ಆಟ ಸೋತ ಹಾಗೆ. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ಸಾರು ಬೇಡ, ನಾಲ್ಕನೇ ರೌಂಡಲ್ಲಿ ಬೋರ್ಡ್ ಮೇಲೆ ನಿದ್ದೆ ಬರ್ತದೆ, ಎರಡು ಬನ್ಸ್, ಒಂದು ಬಾಳೆಹಣ್ಣು ಸಾಕು. ಗಡ್‌ಬಡ್ ಐಸ್ಕ್ರೀಮ್ ಬೇಕಾದ್ರೆ ಪ್ರೈಸ್ ಕೊಟ್ಟಾದ ಮೇಲೆ.

ಸ್ವಿಸ್ ಪದ್ಧತಿ ಅಂದ್ರೆ ಸೋತವ ಹೊರಗೆ ಹೋಗುದಿಲ್ಲ, ಒಂದೇ ಪಾಯಿಂಟ್ ಇದ್ದವ್ರನ್ನ ಜೋಡಿ ಮಾಡ್ತಾರೆ. ಮೊದಲ ಎರಡು ರೌಂಡ್ ಸೋತ್ರೆ ಮನೆಗೆ ಕರ್ಕೊಂಡು ಹೋಗ್ಬೇಡಿ, ಮೂರನೇದ್ರಲ್ಲಿ ಅದೇ ತರ ಸೋತ ಇನ್ನೊಂದು ಮಗು ಸಿಗ್ತದೆ, ಅವತ್ತಿನ ಒಳ್ಳೇ ಆಟ ಅದೇ ಆಗಿರ್ತದೆ.

ಸೋತು ಅಳುವ ಮಗುವಿಗೆ ಎಂತ ಹೇಳುದು?

ಅಲ್ಲೇ ಬಾಗಿಲಲ್ಲಿ ನಿಲ್ಲಿಸಿ ಯಾಕೆ ಆ ಮೂವ್ ಮಾಡಿದ್ದು ಅಂತ ಕೇಳ್ಬೇಡಿ, ಅದಕ್ಕೂ ಗೊತ್ತಿಲ್ಲ. 2024ರ ಡಿಸೆಂಬರ್ 12ಕ್ಕೆ ಸಿಂಗಾಪುರದಲ್ಲಿ ಡಿಂಗ್ ಲಿರೆನ್, ಆಗಿನ ವಿಶ್ವ ಚಾಂಪಿಯನ್, ಡ್ರಾ ಆಗ್ಬೇಕಾಗಿದ್ದ ಹದಿನಾಲ್ಕನೇ ಆಟದಲ್ಲಿ 55ನೇ ಮೂವಿಗೆ ಆನೆಯನ್ನ ಎಫ್2ಕ್ಕೆ ಇಟ್ಟು ಪಟ್ಟ ಕಳ್ಕೊಂಡ, ಗುಕೇಶ್ 18 ವರ್ಷಕ್ಕೆ ಚಾಂಪಿಯನ್ ಆದ. ಅಂಥವ್ರ ಕೈಯೇ ತಪ್ಪುವಾಗ ನಮ್ಮದೆಂತ. ಇದನ್ನ ಹೇಳಿದ್ರೆ ಮಕ್ಕಳು ಸುಮ್ಮನಾಗ್ತಾರೆ, ನನಗೂ ಆ ರಾತ್ರಿ ಸ್ವಲ್ಪ ಉಪಯೋಗಕ್ಕೆ ಬಂತು.

ಮತ್ತೆ ಆ ಹುಡುಗನ ಜೊತೆ ಆಡಿದ್ರಾ? ಸೇಡು ತೀರಿಸಿದ್ರಾ?

ಮೂರು ತಿಂಗಳು ಬಿಟ್ಟು ಮಂಗಳೂರಿನ ಟೂರ್ನಮೆಂಟಲ್ಲಿ ಸಿಕ್ಕಿದ, ಎರಡನೇ ರೌಂಡಲ್ಲೇ, ಮತ್ತೆ ನನಗೆ ಬ್ಲ್ಯಾಕ್. ನಾನು ಆ ಮೂರು ತಿಂಗಳು ರಾತ್ರಿ ಊಟ ಆದ ಮೇಲೆ ಎ5 ಲೈನನ್ನ ತಿರುಗಿಸಿ ಮುರುಗಿಸಿ ನೋಡಿದ್ದೆ, ಹೆಂಡತಿಗೆ ಸಹ ಬಾಯಿಪಾಠ ಆಗಿತ್ತು, ಎಫ್6 ಕುದುರೆ ಮುಟ್ಬೇಡಿ ಆಯ್ತಾ ಅಂತ ಬಸ್ ಹತ್ತುವಾಗ ಹೇಳಿ ಕಳಿಸಿದ್ಲು. ಇ4 ಇ5, ಕುದುರೆ ಕುದುರೆ, ಬಿಷಪ್ ಸಿ4, ಕುದುರೆ ಎಫ್6. ನಾನು ಎರಡೂ ಕೈಯನ್ನ ತೊಡೆಯ ಕೆಳಗೆ ಇಟ್ಟು ಕೂತೆ.

ಹುಡುಗ ಡಿ3 ಆಡಿದ.

ಚಪ್ಪೆ ಡಿ3! ಆಟ ಐವತ್ತು ಚಿಲ್ರೆ ಮೂವ್ ಹೋಗಿ ಡ್ರಾ ಆಯ್ತು, ಹೇಳ್ಲಿಕ್ಕೆ ಅದ್ರಲ್ಲಿ ಎಂತದೂ ಇಲ್ಲ. ಮುಗಿದ ಮೇಲೆ ಕೇಳಿದೆ, ಯಾಕೆ ಮಾರಾಯಾ ಜಿ5 ಆಡ್ಲಿಲ್ಲ ಅಂತ. "ಅದು ಚಿಕ್ಕವನಿರುವಾಗ ಆಡುದು ಅಂಕಲ್" ಅಂದ. ಅವನಿಗೆ ನಡುವಲ್ಲಿ ಹತ್ತು ವರ್ಷ ಆಗಿತ್ತಂತೆ.

ಹುಡುಗನ ಹೆಸರು ಹೇಳಿ, ನಮ್ಮ ಮಗನಿಗೆ ಪೇರಿಂಗ್ ಬಂದ್ರೆ ಗೊತ್ತಿರ್ಲಿ

ಹೇಳುದಿಲ್ಲ. ಇ4 ಆಡ್ತಾನೆ, ಮೊಣಕಾಲು ಊರಿ ನಿಲ್ತಾನೆ, ನಿಮ್ಮ ಬೆರಳು ನೋಡ್ತಾನೆ.